ಯಾವ ಕಲ್ಲಿಂದ ತೂಗಿದಿ

ಈ ಸಲ ದೀಪಾವಳಿಗೆ ತಿಕೋಂಡಿಗೆ ಹೋದಾಗ ನಮ್ಮ ಅಂಗಡಿಯ ಬಾಗಿಲಲ್ಲೇ ಹಸಿ ಶೇಂಗಾದ ವಾಸನೆ ಬಂತು. ಆಗಷ್ಟೇ ಕಿತ್ತ, ಮಣ್ಣು ಇನ್ನೂ ಆರದ ಶೇಂಗಾ ಗೋಣಿಚೀಲದೊಳಗೆ ಬೆವತಾಗ ಬರುವ ವಾಸನೆ. ಊರಿನವರಿಗೆ ಅದು ಸುಗ್ಗಿಯ ವಾಸನೆ. ಚೀಲದ ಬಾಯಿ ಬಿಚ್ಚಿದವರು ಒಮ್ಮೆ ಮೂಸಿ ನೋಡಿ ನಗುತ್ತಾರೆ. ನನಗೆ ಅದರಿಂದ ಸಿಟ್ಟು ಬರುತ್ತದೆ. ಐದು ವರ್ಷವಾಯಿತು, ಆ ಸಿಟ್ಟು ಕಡಿಮೆಯಾಗಿಲ್ಲ. ಕಡಿಮೆಯಾಗಲಿ ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ಒಳಗೆ ಅಪ್ಪ ಗಾದಿಯ ಮೇಲೆ ಕೂತು ಹೊಸ ಕಿಲೋ ಕಲ್ಲುಗಳನ್ನು ಒರೆಸುತ್ತಿದ್ದರು. ಸರಕಾರ ಸೇರು, ಅಚ್ಚೇರು, ಛಟಾಕುಗಳನ್ನು ತೆಗೆದುಹಾಕಿದೆ. ಹಳೆಯ ಕಲ್ಲುಗಳನ್ನು ಜತ್ತದ ತಾಲೂಕು ಕಚೇರಿಗೆ ಒಪ್ಪಿಸಬೇಕೆಂದು ಹೇಳಿದ್ದರಂತೆ. ಅವೆಲ್ಲ ಬಾಗಿಲ ಬದಿಗೆ ಒಂದು ಬುಟ್ಟಿಯಲ್ಲಿ ಬಿದ್ದಿದ್ದವು. ನಾನು ಬಗ್ಗಿ ನೋಡಿದೆ. ಒಂದು ಕಲ್ಲು ಕಡಿಮೆ ಇತ್ತು. ಇರಲೇಬೇಕು, ಅದು ಎಲ್ಲಿದೆ ಎಂದು ನನಗೆ ಗೊತ್ತು. ನಾನು ನೋಡುತ್ತಿದ್ದುದನ್ನು ಅಪ್ಪ ನೋಡಿದರು, ಮತ್ತೆ ಕಲ್ಲು ಒರೆಸತೊಡಗಿದರು.

ಆ ವರ್ಷ ನಾನು, ಈ ಮನೆಯ ಕಿರಿಯ ಮಗಳು, ಸಾಂಗಲಿಯಲ್ಲಿ ಬಿ.ಎ. ಮುಗಿಸಿ ಮಾಸ್ತರಕಿಯ ಆರ್ಡರು ಬರುವವರೆಗೆ ಊರಿಗೆ ಬಂದಿದ್ದೆ. ಶ್ರಾವಣದಲ್ಲಿ ಅಣ್ಣನಿಗೆ ಹೆಣ್ಣು ಹುಟ್ಟಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ವೈನಿಗೆ, ಅಣ್ಣನ ಹೆಂಡತಿಗೆ, ತಾಯಿ ಇರಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲೇ ಆಯಿತು. ಬೇರೆ ಗಂಡಸರು ಮಗುವನ್ನು ಐದು ತಿಂಗಳಾದ ಮೇಲೆ, ಕುಂಚಿಗೆ ಕಟ್ಟಿ ತಂದಾಗ ಮೊದಲ ಸಲ ಕಾಣುತ್ತಾರೆ. ಅಣ್ಣನಿಗೆ ಆ ಐದೂ ತಿಂಗಳು ಒಂದು ಗೋಡೆಯಾಚೆಗೇ ಇದ್ದವು. ಗೋಡೆಯ ಈಚೆಗೆ ಅಂಗಡಿ, ಆಚೆಗೆ ತೊಟ್ಟಿಲು. ನಡುವೆ ಒಂದು ಬಾಗಿಲು. ಆ ಬಾಗಿಲು ದಾಟಲು ಅವನಿಗೆ ಅಪ್ಪಣೆ ಇರಲಿಲ್ಲ.

ಅಪ್ಪಣೆ ಎಂದರೆ ಯಾರೂ ಬಾಯಿಬಿಟ್ಟು ಬೇಡ ಎಂದಿರಲಿಲ್ಲ. ಆದರೆ ನಮ್ಮ ಕಡೆ ಮಗನಾದವನು ತಂದೆಯ ಎದುರಿಗೆ ತನ್ನ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡರೆ ಮರ್ಯಾದೆಗೇಡಿ. ಕೂಸು ಅತ್ತರೆ ಕೇಳಿಸದ ಹಾಗೆ ಇರಬೇಕು, ಹೆಸರು ಹಿಡಿದು ಕರೆಯಬಾರದು, ಹೇಗಿದೆ ಎಂದು ಹೆಂಡತಿಯನ್ನು ಕೇಳಬಾರದು. ಅಜ್ಜ ಎತ್ತಿಕೊಳ್ಳಬಹುದು, ಕಾಕಾ ಎತ್ತಿಕೊಳ್ಳಬಹುದು, ಬೀದಿಯಲ್ಲಿ ಹೋಗುವವನೂ ಎತ್ತಿಕೊಳ್ಳಬಹುದು. ಹಡೆದವನು ಮಾತ್ರ ಕೈ ಕಟ್ಟಿ ನಿಲ್ಲಬೇಕು. ಕಾಲೇಜಿನಲ್ಲಿ ಮನುಷ್ಯ ಸ್ವಭಾವದ ಮೇಲೆ ಎಷ್ಟೋ ಓದಿದ್ದೆ. ಈ ಮರ್ಯಾದೆ ಯಾರ ಸಲುವಾಗಿ ಎಂಬುದು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಅಪ್ಪ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಹಿಂದಿನ ಪಡಸಾಲೆಯಲ್ಲಿ ಮಲಗುತ್ತಿದ್ದರು. ಅವ್ವನೂ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಆ ಒಂದು ತಾಸಿನಲ್ಲಿ ನಾನು ಕೂಸನ್ನು ಎತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ಮೊದಲ ದಿನ ಅಣ್ಣ ಕೈ ಚಾಚಿ ಮತ್ತೆ ಹಿಂದೆ ಎಳೆದುಕೊಂಡ. ಎರಡು ಮಣದ ಚೀಲವನ್ನು ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುವವನು. ಎಲ್ಲಿ ಹಿಡಿಯಬೇಕು ಎಂದು ಕೇಳಿದ. ಕುತ್ತಿಗೆಯ ಕೆಳಗೆ ಎಂದೆ. ಹಿಡಿದ. ಆಮೇಲೆ ತಕ್ಕಡಿಯ ಕಡೆ ನೋಡಿದ. ಅವನಿಗೆ ಚೆನ್ನಾಗಿ ಗೊತ್ತಿದ್ದುದು ಅದೊಂದೇ ಕೆಲಸ.

ಜೀವ ಇದ್ದದ್ದನ್ನು ಅಂಗಡಿಯ ತಕ್ಕಡಿಯಲ್ಲಿ ಇಡಬಾರದು ಎನ್ನುತ್ತಾರೆ. ದೃಷ್ಟಿ ತಾಗುತ್ತದೆ, ಆಯುಷ್ಯ ಇಳಿಯುತ್ತದೆ. ಹಾಗಾಗಿ ಅದು ನಮ್ಮಿಬ್ಬರ ಗುಟ್ಟಾಯಿತು, ವೈನಿಗೂ ಗೊತ್ತಿತ್ತು. ವಾರಕ್ಕೊಮ್ಮೆ ಅಣ್ಣ ತಟ್ಟೆಯನ್ನು ಪಂಚೆಯಿಂದ ಒರೆಸಿ, ಕಂಬಳಿಯ ತುಂಡು ಹಾಸಿ, ಇನ್ನೊಂದು ತಟ್ಟೆಯಲ್ಲಿ ಅಷ್ಟೇ ತೂಕದ ತುಂಡು ಇಟ್ಟು ಮುಳ್ಳು ನೇರ ಮಾಡುತ್ತಿದ್ದ. ಕೂಸಿನ ಕೈಯ ಬೆಳ್ಳಿ ಬಿಂದಲಿ, ಸೊಂಟದ ಉಡದಾರ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದ. ಬೆಳ್ಳಿಯ ತೂಕ ಮಗಳ ತೂಕದಲ್ಲಿ ಸೇರಬಾರದು. ಆಮೇಲೆ ಕಲ್ಲು ಇಡುತ್ತಿದ್ದ, ಸದ್ದಾಗದ ಹಾಗೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನಾರು ಛಟಾಕಿಗೆ ಒಂದು ಸೇರು. ಮೊದಲ ಸಲ ಮೂರು ಸೇರು ನಾಲ್ಕು ಛಟಾಕು. ಭಾದ್ರಪದ ಮುಗಿಯುವ ಹೊತ್ತಿಗೆ ನಾಲ್ಕು ಸೇರು ದಾಟಿತು.

“ಈ ವಾರ ಮೂರು ಛಟಾಕ ಜಾಸ್ತಿ,” ಎಂದು ಅವನು ತಟ್ಟೆಯ ಮೇಲೆ ಬಗ್ಗಿ ಮಗಳಿಗೇ ಹೇಳುತ್ತಿದ್ದ. “ಹಿಂಗಽ ಬೆಳದರ ನಿನ್ನ ತೂಗಾಕ ಜತ್ತದಿಂದ ದೊಡ್ಡ ತಕ್ಕಡಿ ತರಬೇಕಾಗ್ತೈತಿ ನೋಡವ್ವಾ.”

ಒಂದು ದಿನ ಅವಳು ತಟ್ಟೆಯಲ್ಲೇ ಉಚ್ಚೆ ಹೊಯ್ದಳು. ಅಣ್ಣ ಗಂಭೀರವಾಗಿ, ಈಗ ಮತ್ತೆ ತೂಗಬೇಕು, ಅರ್ಧ ಛಟಾಕು ಹರಿದುಹೋಯಿತು ಎಂದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಒಳಗೆ ಬಂದರೆ ವೈನಿ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು. ಎಷ್ಟು ಎಂದು ಬಾಯಿಂದ ಕೇಳುತ್ತಿರಲಿಲ್ಲ, ಹುಬ್ಬಿನಿಂದ ಕೇಳುತ್ತಿದ್ದಳು. ನಾನು ಬೆರಳಿನಿಂದ ಹೇಳುತ್ತಿದ್ದೆ. ಮನೆಯಲ್ಲಿ ಮೂವರು ವಿದ್ಯಾವಂತರಲ್ಲದಿದ್ದರೂ ಮೂವರು ಬುದ್ಧಿವಂತರು ಇದ್ದೇವೆಂದು ನನಗೆ ಆಗ ಅನ್ನಿಸಿತ್ತು.

ಕಾರ್ತಿಕ ಪಾಡ್ಯದ ದಿನ ಅಪ್ಪ ಅಂಗಡಿಯ ಪೂಜೆ ಮಾಡಿದರು. ಉಗ್ರಾಣದ ಪೆಟ್ಟಿಗೆಯಿಂದ ಇನ್ನೊಂದು ಜೊತೆ ಕಲ್ಲು ತೆಗೆದು, ವಿಭೂತಿ ಹಚ್ಚಿ ಗಾದಿಯ ಮುಂದೆ ಇಟ್ಟರು. ಹಳೆಯವನ್ನು ಮೇಲಿನ ಹಲಗೆಗೆ ಏರಿಸಿದರು. ಪ್ರತಿವರ್ಷದ ಪದ್ಧತಿ ಅದು. ಪಾಡ್ಯದಿಂದ ರೈತರ ಶೇಂಗಾ, ಸಜ್ಜೆ ಅಂಗಡಿಗೆ ಬರಲು ಸುರುವಾಗುತ್ತದೆ. ಖರೀದಿಗೆ ಬೇರೆ ಕಲ್ಲು, ಮಾರಾಟಕ್ಕೆ ಬೇರೆ ಕಲ್ಲು. ವರ್ಷವಿಡೀ ದುಡಿದ ಕಲ್ಲಿಗೆ ವಿಶ್ರಾಂತಿ ಎಂದು ಅಪ್ಪ ಹೇಳುತ್ತಿದ್ದರು. ಸಣ್ಣವಳಿದ್ದಾಗ ನಾನು ಅದನ್ನು ನಂಬಿದ್ದೆ. ಬಿ.ಎ. ಆದ ಮೇಲೂ ನಂಬಿದ್ದೆ. ಖರೀದಿ ಯಾವಾಗಲೂ ಅಪ್ಪನ ಕೈಯಲ್ಲಿತ್ತು. ಅಣ್ಣ ಆ ವರ್ಷವೇ ಮೊದಲ ಸಲ ಅದಕ್ಕೆ ಕೂತದ್ದು. ಅವನಿಗೂ ಗೊತ್ತಿರಲಿಲ್ಲ ಎಂದು ನಂಬಿದ್ದೇನೆ. ಅದನ್ನೂ ನಂಬದಿದ್ದರೆ ನನಗೆ ಆ ಮನೆಯಲ್ಲಿ ಕೂರಲು ಜಾಗವೇ ಉಳಿಯುವುದಿಲ್ಲ.

ಪಾಡ್ಯಕ್ಕೆ ಮೊದಲು ಕೂಸು ಐದು ಸೇರು ಮೂರು ಛಟಾಕು ಇತ್ತು. ಪಾಡ್ಯದ ನಂತರದ ವಾರ ತೂಗಿದರೆ ನಾಲ್ಕು ಸೇರು ಹದಿನಾಲ್ಕು ಛಟಾಕು.

ಅಣ್ಣ ಕಂಬಳಿ ತುಂಡುಗಳನ್ನು ಅದಲುಬದಲು ಮಾಡಿ ನೋಡಿದ. ತಕ್ಕಡಿಯ ಹಗ್ಗ ಬಿಗಿದ, ಮುಳ್ಳಿಗೆ ಎಣ್ಣೆ ಹಚ್ಚಿದ. ಮೂರು ಸಲ ತೂಗಿದ. ಮೂರು ಸಲವೂ ಅದೇ. ಐದು ಛಟಾಕು ಇಳಿದಿತ್ತು. ಕೂಸು ತಟ್ಟೆಯಲ್ಲಿ ಮಲಗಿ ಕಾಲು ಆಡಿಸುತ್ತಾ ಅವನನ್ನು ನೋಡಿ ನಗುತ್ತಿತ್ತು. ಅವನು ನಗಲಿಲ್ಲ. ಕಣ್ಣಿಗೆ ಕಾಣುವುದನ್ನು ಬಿಟ್ಟು ಕಲ್ಲು ಹೇಳುವುದನ್ನು ನಂಬುವುದು ತೂಗುವವರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಬರುವ ರೋಗ. ಅದು ನಮ್ಮಿಬ್ಬರಿಗೂ ಇತ್ತು. ನನಗೆ ಹೆಚ್ಚು.

ಯಾರಿಗೂ ಹೇಳುವುದು ಬೇಡ, ಇನ್ನೊಂದು ವಾರ ನೋಡೋಣ ಎಂದ ಅಣ್ಣ. ನಾನು ಒಪ್ಪಲಿಲ್ಲ.

“ಅಂಕಿ ಸುಳ್ಳು ಹೇಳೂದಿಲ್ಲ, ಅಣ್ಣಾ,” ಎಂದೆ. “ಮುಚ್ಚಿಟ್ಟರ ನಾಳೆ ತಪ್ಪು ನಮ್ಮ ಮ್ಯಾಲ ಬರ್ತೈತಿ.”

ಆ ಮಾತು ನನ್ನದು. ಐದು ವರ್ಷದಿಂದ ಅದನ್ನು ನಾನು ಬೇರೆ ಯಾರ ಬಾಯಿಗೂ ಹಾಕಲು ಆಗಿಲ್ಲ.

ಅವತ್ತು ಸಂಜೆ ಪಡಸಾಲೆಯಲ್ಲಿ ಅಪ್ಪ ಚಹಾ ಕುಡಿಯುತ್ತಿದ್ದಾಗ ಅಣ್ಣ ಬಂದು ನಿಂತ. ನೆಲ ನೋಡುತ್ತಲೇ ಹೇಳಿದ: “ಕೂಸಿನ ತೂಕ ಇಳದೈತ್ರಿ, ಅಪ್ಪಾ. ಐದು ಛಟಾಕ.”

ಅಪ್ಪ ಚಹಾದ ಬಸಿ ಕೆಳಗಿಟ್ಟರು. ಕೂಸನ್ನು ಯಾರು ತೂಗಿದರು ಎಂದು ಕೇಳಿದರು. ನಾನೇ ಎಂದ ಅಣ್ಣ. ಅವ್ವ ಹಣೆ ಬಡಿದುಕೊಂಡಳು. ಜೀವದ ಕೂಸನ್ನು ಬೆಲ್ಲದ ಹೆಂಟೆಯ ಹಾಗೆ ತಕ್ಕಡಿಯಲ್ಲಿ ಇಟ್ಟೆಯಲ್ಲ, ಕಲಿತ ತಂಗಿ ಜೊತೆಗಿದ್ದು ಇದನ್ನೇ ಹೇಳಿಕೊಟ್ಟಳೇ ಎಂದು ಸುರುಮಾಡಿದಳು. ಅಪ್ಪ ಅವಳ ಕಡೆ ನೋಡಲಿಲ್ಲ. ಅಣ್ಣನನ್ನು ನೋಡುತ್ತಿದ್ದರು.

“ಯಾವ ಕಲ್ಲಿಂದ ತೂಗಿದಿ?”

“ಗಾದಿ ಮುಂದಿನವ್ರಿ. ನೀವು ಪಾಡ್ಯಾದ ದಿನ ಇಟ್ಟವು.”

“ಮದ್ಲ?”

“ಮದ್ಲ ಹಳೇವ್ರಿ.”

ಅಪ್ಪ ಅರ್ಧ ಚಹಾ ಬಿಟ್ಟು ಎದ್ದು, ಗೂಟದ ಮೇಲಿನ ರುಮಾಲು ಸುತ್ತಿಕೊಂಡು ಮಠದ ಕಡೆ ಹೋದರು. ತಕ್ಕಡಿಯಲ್ಲಿ ಇಟ್ಟದ್ದಕ್ಕೆ ಸಿಟ್ಟಾದರು ಎಂದುಕೊಂಡೆ. ಆ ಸಿಟ್ಟು ಕಳೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಕೂಡ. ಈಗ ಅದನ್ನು ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮರುದಿನದಿಂದ ತಪ್ಪೆಲ್ಲ ವೈನಿಯ ಮೇಲೆ ಬಂತು. ಎದೆಹಾಲು ನೀರಾಗಿದೆ ಎಂದಳು ಅವ್ವ. ಬಾಣಂತಿ ಕದ್ದು ಏನೋ ತಿಂದಿದ್ದಾಳೆ ಎಂದಳು. ತುಪ್ಪ ನಿಲ್ಲಿಸಿದರು, ಬೆಲ್ಲ ನಿಲ್ಲಿಸಿದರು, ಬೆಳ್ಳುಳ್ಳಿಯ ಖಾರ ಮತ್ತು ಒಣ ರೊಟ್ಟಿ ಮಾತ್ರ ಕೊಟ್ಟರು. ವೈನಿ ಅತ್ತಳು. ಅತ್ತು, ಹಸಿದು, ಎರಡೇ ದಿನದಲ್ಲಿ ನಿಜವಾಗಿಯೂ ಹಾಲು ಕಡಿಮೆಯಾಯಿತು. ಕೂಸು ರಚ್ಚೆ ಹಿಡಿಯಿತು. ಸೂಲಗಿತ್ತಿ ಕಾಶವ್ವ ಬಂದು ಹೊಟ್ಟೆ ಮುಟ್ಟಿ ನೋಡಿ, ಬಾಲಗ್ರಹ ಹಿಡಿದಿದೆ, ಒಳಗೇ ಸೊರಗುತ್ತಿದೆ, ಬರೆ ಕೊಡಬೇಕು ಎಂದಳು. ಸೋಮವಾರ ಮುಂಜಾನೆ ಎಂದು ಗೊತ್ತಾಯಿತು.

ಚಹಾ ಬಿಟ್ಟು ಎದ್ದ ಸಂಜೆಗೂ ಆ ಸೋಮವಾರಕ್ಕೂ ನಡುವೆ ಪೂರ್ತಿ ಎರಡು ದಿನ ಇದ್ದವು. ಅಪ್ಪ ಆ ಎರಡು ದಿನ ಮನೆಯಲ್ಲೇ ಇದ್ದರು. ಎರಡು ಹೊತ್ತು ಉಂಡರು, ಲಿಂಗಪೂಜೆ ಮಾಡಿಕೊಂಡರು, ಮಧ್ಯಾಹ್ನ ಮಲಗಿದರು. ಆ ಕಲ್ಲು ಸರಿಯಿಲ್ಲ: ಮೂರು ಶಬ್ದ ಸಾಕಾಗಿತ್ತು.

ಬರೆ ಬೇಡ, ಜತ್ತದ ದವಾಖಾನೆಗೆ ಹೋಗೋಣ ಎಂದು ನಾನು ಅವ್ವನಿಗೆ ಹೇಳಿದೆ. ನೀನು ಹಡೆದಾಗ ಹೋಗು ಎಂದಳು. ಅಂಗಡಿಯಿಂದ ದಬ್ಬಣ ತಾ ಎಂದಳು, ಚೀಲ ಹೊಲಿಯುವ ದಬ್ಬಣ. ನಾನು ತರಲಿಲ್ಲ. ಅವ್ವನೇ ತಂದಳು. ತರಲಿಲ್ಲವೆಂದು ನನಗೆ ಹೆಮ್ಮೆಯೇನೂ ಇಲ್ಲ. ಅವಳ ಕೈ ಹಿಡಿದು ನಿಲ್ಲಿಸಲೂ ಇಲ್ಲ. ಒಲೆಯ ಕೆಂಡದಲ್ಲಿ ದಬ್ಬಣ ಕೆಂಪಾಗುವುದನ್ನು ನೋಡಲಾಗದೆ ನಾನು ನಡುಬಾಗಿಲಿಗೆ ಬಂದು ನಿಂತೆ. ಹಾಗಾಗಿ ಒಳಗಿನದನ್ನು ನಾನು ನೋಡಲಿಲ್ಲ. ಅಂಗಡಿಯಲ್ಲಿ ಆದದ್ದನ್ನು ನೋಡಿದೆ.

ಅಣ್ಣ ಒಬ್ಬ ರೈತನ ಶೇಂಗಾ ತೂಗುತ್ತಿದ್ದ. ಅಪ್ಪ ಗಾದಿಯ ಮೇಲೆ ಕೂತಿದ್ದರು. ಒಳಗಿನಿಂದ ಕೂಸಿನ ಚೀರು ಬಂತು. ಅದುವರೆಗೆ ಅದರ ಬಾಯಿಂದ ಅಂಥ ದನಿ ನಾವು ಕೇಳಿರಲಿಲ್ಲ. ಅಣ್ಣನ ಕೈಯಲ್ಲಿ ತಕ್ಕಡಿಯ ದಂಡಿಗೆ ಹಾಗೇ ನಿಂತಿತು. ಎರಡನೆಯ ಸಲ ಚೀರಿತು. ಅಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

“ತೂಗು,” ಎಂದರು ಅಪ್ಪ.

ಅಣ್ಣ ತೂಗಿದ.

ಅವನ ಮೇಲೂ ನನಗೆ ಸಿಟ್ಟಿದೆ, ಅದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಇಪ್ಪತ್ತಾರು ವರ್ಷದ ಗಂಡಸು ತನ್ನ ಮಗಳ ಚೀರು ಕೇಳುತ್ತಾ ಬೇರೆಯವರ ಶೇಂಗಾ ತೂಗಿದ. ತೂಗುವಾಗ ಅವನ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತ್ತು, ಅದೂ ನಿಜ. ಆದರೆ ತೂಗಿದ.

ಹೊಕ್ಕುಳದ ಎರಡೂ ಬದಿಗೆ ಬರೆ. ನಾಲ್ಕನೆಯ ದಿನ ಎಡಗಡೆಯದು ಕೀವಾಯಿತು, ಜ್ವರ ಬಂತು, ಕೂಸು ಎದೆಗೆ ಬಾಯಿ ಹಚ್ಚುವುದನ್ನು ಬಿಟ್ಟಿತು. ವೈನಿ ಅವತ್ತು ಮೊದಲ ಸಲ ಬಾಗಿಲು ದಾಟಿ ಅಂಗಡಿಗೆ ಬಂದಳು. ತಲೆಯ ಮೇಲೆ ಸೆರಗು ಇರಲಿಲ್ಲ. ಮಾವನ ಎದುರಿಗೇ ಗಂಡನಿಗೆ ಹೇಳಿದಳು: “ಇವತ್ತ ಜತ್ತಕ್ಕ ಹೋಗ್ರಿ. ಇಲ್ಲಾಂದ್ರ ನಾನಽ ಹೊತ್ಕೊಂಡು ನಡಕೋತ ಹೋಗ್ತೀನಿ.”

ಹೊರಡುವ ಮುಂಚೆ ಅಣ್ಣ ಮತ್ತೊಮ್ಮೆ ತೂಗಿದ, ಅಪ್ಪ ಸ್ನಾನಕ್ಕೆ ಹೋಗಿದ್ದಾಗ. ನಾಲ್ಕು ಸೇರು ಹತ್ತು ಛಟಾಕು. ನಾನು ಬರೆದುಕೊಂಡೆ. ವೈನಿ ಹಸಿವಿನಿಂದ ಸೊರಗಿದ್ದಳು, ಆದ್ದರಿಂದ ಅಣ್ಣನೂ ನಾನೂ ಹೋದೆವು. ರಸ್ತೆಯವರೆಗೆ ಚಕ್ಕಡಿ, ಅಲ್ಲಿಂದ ಮೋಟಾರು. ಮೋಟಾರಿನಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಅಣ್ಣ ದಾರಿಯುದ್ದಕ್ಕೂ ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅದರ ಬಾಯಿಗೆ ಅರಿವೆಯ ತುದಿಯಿಂದ ನೀರು ಹನಿಸುತ್ತಿದ್ದ.

ಡಾಕ್ಟರರು ಗಾಯ ತೊಳೆದು, ಸೂಜಿಮದ್ದು ಕೊಟ್ಟು, ನಮ್ಮಿಬ್ಬರನ್ನೂ ಚೆನ್ನಾಗಿ ಬೈದರು. ಆಮೇಲೆ ಕೂಸನ್ನು ತಮ್ಮ ತಕ್ಕಡಿಯಲ್ಲಿ ಮಲಗಿಸಿದರು, ಮಕ್ಕಳಿಗೆಂದೇ ಮಾಡಿದ ಬಿಳಿ ತೊಟ್ಟಿಯಂಥ ತಕ್ಕಡಿ. ಹತ್ತು ಪೌಂಡು ಏಳು ಔನ್ಸು. ಜ್ವರಕ್ಕೆ ಮೊದಲು ಇದಕ್ಕಿಂತ ಹೆಚ್ಚೇ ಇದ್ದಿರಬೇಕು, ಆರೋಗ್ಯದ ಕೂಸಿಗೆ ಯಾಕೆ ಬರೆ ಕೊಟ್ಟಿರಿ ಎಂದು ಕೇಳಿದರು. ಅಣ್ಣ ತೂಕ ಇಳಿದಿತ್ತು ಎಂದ. ಯಾರು ಹೇಳಿದರು ಎಂದರು ಅವರು. ಅಣ್ಣ ನನ್ನ ಕಡೆ ನೋಡಿದ. ನಾನು ನೋಟ್‌ಬುಕ್ಕನ್ನು ಸೆರಗಿನ ಒಳಗೆ ಸರಿಸಿದೆ.

ತಿರುಗಿ ಬರುವಾಗ ಮೋಟಾರಿನಲ್ಲಿ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿದೆ. ಒಂದು ಸೇರು ಎಂದರೆ ಎರಡು ಪೌಂಡಿಗಿಂತ ತುಸು ಜಾಸ್ತಿ. ಡಾಕ್ಟರರ ತೂಕ ಐದು ಸೇರು ಒಂದು ಛಟಾಕಿಗೆ ಬಂತು. ಮುಂಜಾನೆ ನಮ್ಮ ಅಂಗಡಿಯಲ್ಲಿ ನಾಲ್ಕು ಸೇರು ಹತ್ತು. ಏನೂ ಬಾಯಿಗೆ ಹಾಕಿಕೊಳ್ಳದ ಕೂಸು ದಾರಿಯಲ್ಲಿ ಏಳು ಛಟಾಕು ಬೆಳೆದಿರಲಿಕ್ಕಿಲ್ಲ. ಎರಡು ಸಲ ಮಾಡಿ ನೋಡಿದೆ. ಆಮೇಲೆ ಅಪ್ಪ ಕೇಳಿದ ಪ್ರಶ್ನೆ ನೆನಪಾಯಿತು, ಅರ್ಧಕ್ಕೆ ಬಿಟ್ಟ ಚಹಾವೂ ನೆನಪಾಯಿತು. ಹಾಳೆಯನ್ನು ಅಣ್ಣನ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದೆ. ಅವನು ಮೂರನೆಯ ಇಯತ್ತೆಯ ಹುಡುಗನ ಹಾಗೆ ತುಟಿ ಆಡಿಸುತ್ತಾ ಓದಿದ. ಓದಿ ಕಿಟಕಿಯ ಹೊರಗೆ ನೋಡಿದ.

ನಾವು ಬಂದಾಗ ಅಂಗಡಿಯ ಮುಂದೆ ನಾಲ್ಕೈದು ಚೀಲ ಇಳಿದಿದ್ದವು. ಕುರಿ ಕಾಯುವ ಬೀರಪ್ಪ ಕಾಕಾ ತನ್ನ ಸಜ್ಜೆಯ ಚೀಲದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಇನ್ನೂ ಇಬ್ಬರಿದ್ದರು. ಅಪ್ಪ ಗಾದಿಯ ಮೇಲೆ. ಕೂಸು ಅಣ್ಣನ ಹೆಗಲ ಮೇಲೆ ನಿದ್ದೆಹೋಗಿತ್ತು. ಬಾಗಿಲಲ್ಲಿ ನಾನು ಕೈ ಚಾಚಿದೆ. ಯಾವಾಗಲೂ ಅಲ್ಲಿಯೇ ಅವನು ಅದನ್ನು ನನಗೆ ಕೊಡುತ್ತಿದ್ದ. ಅವತ್ತು ಕೊಡಲಿಲ್ಲ.

ಅವನು ಒಳಗೆ ಹೋಗಿ ಗಾದಿಯ ಮುಂದಿದ್ದ ಸೇರಿನ ಕಲ್ಲನ್ನು ಒಂದು ಕೈಯಿಂದ ಎತ್ತಿ ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟ. ಮೇಲಿನ ಹಲಗೆಯಿಂದ ಹಳೆಯ ಸೇರಿನ ಕಲ್ಲು ಇಳಿಸಿ ಇನ್ನೊಂದು ತಟ್ಟೆಯಲ್ಲಿ ಇಟ್ಟ. ಗಾದಿಯ ಮುಂದಿನದು ಸರಕ್ಕನೆ ಕೆಳಗೆ ಇಳಿಯಿತು. ಸಾವಕಾಶವಾಗಿ ಕೂಡ ಅಲ್ಲ. ಆ ಭಾರದ ಕಲ್ಲಿಗೆ ರೈತ ಸೇರಿಗಿಂತ ಹೆಚ್ಚು ಕಾಳು ಸುರಿಯಬೇಕು, ಅದೇ ಕಲ್ಲಿಗೆ ಕೂಸು ಹಗುರ ಕಾಣಬೇಕು.

ಬೀರಪ್ಪ ಕಾಕಾ ನಕ್ಕ. “ಸಾವಕಾರ್ರ, ಸೇರಿಗೆ ಸೇರಿಗೇ ಜಗಳ ಹತ್ತೈತೇನ್ರಿ?” ಎಂದ.

ಯಾರೂ ನಗದಿದ್ದುದನ್ನು ನೋಡಿ ಅವನೂ ನಿಲ್ಲಿಸಿದ. ತಟ್ಟೆಯನ್ನು ನೋಡಿದ, ತಾನು ಕೂತ ಚೀಲವನ್ನು ನೋಡಿಕೊಂಡ. ಎಷ್ಟು ವರ್ಷದ ಸಜ್ಜೆ ಅವನ ಕಣ್ಣ ಮುಂದೆ ಹಾದುಹೋಯಿತೋ ನನಗೆ ಗೊತ್ತಿಲ್ಲ. ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗಿದು ಬಂದು ತಕ್ಕಡಿಯ ಪಕ್ಕ ನಿಂತ.

ಅಪ್ಪ ಕಲ್ಲಿನ ಮಾತು ಎತ್ತಲೇ ಇಲ್ಲ. “ಕೂಸನ್ನ ಒಳಗ ಕೊಡು,” ಎಂದರು. “ಮಂದಿ ನೋಡಾಕತ್ತಾರ.”

ಬರೆ ಕೊಟ್ಟಾಗ ಇಲ್ಲದ ನಾಚಿಕೆ ಅವರಿಗೆ ಆಗ ಬಂದಿತ್ತು. ಮಗ ಮಗಳನ್ನು ಎತ್ತಿಕೊಂಡಿದ್ದಾನಲ್ಲ ಎಂದು.

“ಇಲ್ರಿ,” ಎಂದ ಅಣ್ಣ.

ಅಷ್ಟೇ. ಭಾರದ ಕಲ್ಲನ್ನು ತೆಗೆದು ಕೆಳಗಿಟ್ಟ. ಹಳೆಯ ಕಲ್ಲುಗಳನ್ನು ಒಂದೊಂದಾಗಿ ಹಲಗೆಯಿಂದ ಇಳಿಸಿದ. ಬೀರಪ್ಪ ಕಾಕಾನಿಗೆ ಚೀಲ ಬಿಚ್ಚಲು ಹೇಳಿದ. ಎಡಗೈಯಲ್ಲಿ ಮಗಳು, ಬಲಗೈಯಲ್ಲಿ ಮೊರ. ಒಂದು ಕೈಯಿಂದ ಸಜ್ಜೆ ಸುರಿಯುವುದು ಕಷ್ಟವಾದಾಗ ನಾನು ಹೋಗಿ ಮೊರ ಹಿಡಿದೆ. ಅಪ್ಪ ರುಮಾಲು ಸುತ್ತಿಕೊಂಡು ಮಠದ ಕಡೆ ಹೋದರು. ಆವರೆಗೆ ಆ ಗಾದಿ ಹಗಲು ಹೊತ್ತಿನಲ್ಲಿ ಖಾಲಿ ಬಿದ್ದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಆ ಮನೆಯಲ್ಲಿ ಇದರ ಮಾತು ಆಗಲಿಲ್ಲ. ಯಾರೂ ತಪ್ಪಾಯಿತು ಎನ್ನಲಿಲ್ಲ. ಅವ್ವ ವೈನಿಗೆ ಮತ್ತೆ ತುಪ್ಪ ಬಡಿಸಿದಳು, ಬಡಿಸುವಾಗ ಮುಖ ನೋಡಲಿಲ್ಲ. ಅಣ್ಣ ಮಾರಾಟಕ್ಕೂ ಖರೀದಿಗೂ ಒಂದೇ ಜೊತೆ ಕಲ್ಲು ಇಟ್ಟ. ಕೂಸಿನ ಗಾಯ ಮಾಯಿತು, ಕಲೆ ಉಳಿಯಿತು. ಮಾರ್ಗಶಿರದಲ್ಲಿ ನನ್ನ ಆರ್ಡರು ಬಂತು. ಟ್ರಂಕು ಕಟ್ಟುವಾಗ ಭಾರದ ಆ ಸೇರಿನ ಕಲ್ಲನ್ನು ಸೀರೆಗಳ ಅಡಿಗೆ ಇಟ್ಟುಕೊಂಡೆ. ಟ್ರಂಕು ಎತ್ತಿದ ಅಣ್ಣ ಇಷ್ಟು ಭಾರ ಏನು ಎಂದು ಕೇಳಿದ. ಪುಸ್ತಕ ಎಂದೆ. ಅವನ ಕೈಗೆ ತೂಕ ತಿಳಿಯದೇ ಇರಲಿಲ್ಲ. ಟ್ರಂಕನ್ನು ಚಕ್ಕಡಿಯಲ್ಲಿ ಇಟ್ಟ.

ಆ ಕಲ್ಲು ಈಗ ಸಾಂಗಲಿಯ ನನ್ನ ಕೋಣೆಯಲ್ಲಿದೆ.

ಈ ದೀಪಾವಳಿ ಮುಗಿಸಿ ಸಾಂಗಲಿಗೆ ಹೊರಡುವ ದಿನ ನೀಲಾ, ಅದೇ ಕೂಸು, ಹೊಸ ಕಿಲೋ ಕಲ್ಲನ್ನು ಎರಡೂ ಕೈಯಿಂದ ಎತ್ತಿ ತಕ್ಕಡಿಯಲ್ಲಿ ಇಡುತ್ತಾ ಆಡುತ್ತಿದ್ದಳು. ಪರಕಾರದ ಮೇಲಿನ ಪೋಲಕ, ಸಣ್ಣ ರವಿಕೆ, ಸರಿದಾಗ ಹೊಟ್ಟೆಯ ಕಲೆ ಕಾಣುತ್ತಿತ್ತು, ಅವಳ ಜೊತೆಗೇ ಬೆಳೆದು ಅಗಲವಾಗಿದೆ. ಅಣ್ಣ ಬಂದು, ಅಪ್ಪನ ಎದುರಿಗೇ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅಪ್ಪ ಅವರನ್ನು ನೋಡುತ್ತಿದ್ದು, ನನ್ನ ಕಡೆ ತಿರುಗಿದರು. ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ಸರಿಸಿದರು.

“ಒಂದು ಕಲ್ಲು ನಿನ್ನ ಕಡೆ ಐತೇನವ್ವಾ?”

“ಐತ್ರಿ.”

“ಕೊಟ್ಟುಬಿಡು. ಕಚೇರಿಗೆ ಒಪ್ಪಿಸಿ ಕೈ ತೊಳಕೊಳ್ಳೂಣು.”

ಅವರ ದನಿ ಮೆತ್ತಗಿತ್ತು. ಅದರಲ್ಲಿ ಬೇಡಿಕೆಯೂ ಇತ್ತು, ನನಗೆ ಕೇಳಿಸಿತು. ಕೈ ತೊಳೆದುಕೊಳ್ಳುವುದು ಅವರಿಗೆ ಬೇಕಾಗಿತ್ತು.

“ನೀಲಾ ದೊಡ್ಡಾಕಿ ಆಗಿ ಹೊಟ್ಟಿ ಮ್ಯಾಲಿಂದು ಏನಂತ ಕೇಳಲಿ,” ಎಂದೆ. “ಆಕಿ ಕೈಯಾಗ ಕೊಡ್ತೀನ್ರಿ, ಅಪ್ಪಾ.”